ಸಿಂಗಪುರದ ಬದಲು ಒಂದು ಟೊಮೆಟೊ ಹೊಲ

ನಮ್ಮ ಮನೆಯಲ್ಲಿ ಯಾರೂ ಪೂರ್ತಿ ಕೂತು ಉಂಡದ್ದನ್ನು ನಾನು ಕಂಡಿಲ್ಲ. ಅಪ್ಪ ಒಂದು ಮೊಣಕಾಲು ಎತ್ತಿಕೊಂಡೇ ತಾಟಿನ ಮುಂದೆ ಕೂರುತ್ತಿದ್ದ. ಅಂಗಡಿಯಲ್ಲಿ ಯಾರಾದರೂ ‘ಅಣ್ಣಾರ’ ಎಂದು ಕೂಗಿದರೆ ತಟ್ಟನೆ ಏಳಲು ಅದು ಅನುಕೂಲ. ಅವ್ವ ರೊಟ್ಟಿ ಬಡಿಯುತ್ತ ಬಡಿಯುತ್ತಲೇ ಒಂದು ಚೂರಿಗೆ ಶೇಂಗಾ ಹಿಂಡಿ ಹಚ್ಚಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು; ಅದನ್ನೇ ಊಟ ಎನ್ನುತ್ತಿದ್ದಳು. ಅಪ್ಪನ ತಾಯಿಯನ್ನು ನಾವು ಆಯಿ ಎಂದು ಕರೆಯುತ್ತಿದ್ದೆವು. ಆಕೆ ತಾಟು ಕೈಯಲ್ಲೇ ಹಿಡಿದು ಹಿತ್ತಲ ಬಾಗಿಲಿನಿಂದ ಅಂಗಡಿಯ ಬಾಗಿಲವರೆಗೆ ತಿರುಗಾಡುತ್ತ ಉಣ್ಣುವವಳು. ಮನೆಗೆ ನಾನೊಬ್ಬಳೇ ಮಗಳು. ನಾನು ಎಲ್ಲಿ ಕೂತರೂ ಯಾರದೋ ಕಾಲು ತಾಗುತ್ತಿತ್ತು. ರಾಣೆಬೆನ್ನೂರಿನ ಆ ಮನೆ ರೈಲಿನ ಡಬ್ಬಿಗಳ ಹಾಗೆ ಉದ್ದಕ್ಕಿತ್ತು: ಮುಂದೆ ಬೀಜದ ಅಂಗಡಿ, ನಡುವೆ ಚೀಲಗಳ ಕೋಣೆ, ಹಿಂದೆ ಅಡುಗೆಮನೆ. ಅಡುಗೆಮನೆಯಿಂದ ಬೀದಿಗೆ ಹೋಗಬೇಕಾದರೆ ಚೀಲಗಳ ನಡುವೆ ಅಡ್ಡಡ್ಡ ತಿರುಗಿ ನುಸುಳಬೇಕು. ಬೀಜಕ್ಕೆ ಹಚ್ಚಿದ ಗುಲಾಬಿ ಔಷಧಿಯ ವಾಸನೆ ಹಾಸಿಗೆಯಲ್ಲೂ ಇರುತ್ತಿತ್ತು. ಆ ಚೀಲಗಳ ಮೇಲೆ ಮಸಿಯಲ್ಲಿ ಒತ್ತಿದ ಊರುಗಳ ಹೆಸರುಗಳನ್ನು ಓದಿಯೇ ನಾನು ಭೂಗೋಳ ಕಲಿತದ್ದು. ನಾಸಿಕ, ಗುಂಟೂರು, ಇಂದೂರು. ನಮ್ಮ ಮನೆಯ ಚೀಲಗಳೆಲ್ಲ ಊರು ಸುತ್ತುತ್ತಿದ್ದವು, ಮನುಷ್ಯರು ಮಾತ್ರ ಅಡುಗೆಮನೆ, ಅಂಗಡಿ ಅಷ್ಟೇ.

ಮನೆಯ ಪ್ರವಾಸವೆಂದರೆ ವರ್ಷಕ್ಕೆ ಒಂದು. ಶಿಕಾರಿಪುರ, ಸಾತೇನಹಳ್ಳಿ, ಬ್ಯಾಡಗಿಯ ಹತ್ತಿರದ ಕದರಮಂಡಲಗಿ, ಈ ಮೂರೂ ಊರಿನ ಹನುಮಪ್ಪನನ್ನು ಒಂದೇ ದಿನ ಹೊತ್ತು ಮುಳುಗುವುದರೊಳಗೆ ನೋಡಿದರೆ ಕಾಶಿಗೆ ಹೋಗಿ ಬಂದಷ್ಟೇ ಪುಣ್ಯ ಎಂದು ನಮ್ಮ ಕಡೆ ನಂಬಿಕೆ. ಅಪ್ಪನಿಗೆ ಈ ವ್ಯವಹಾರ ಬಹಳ ಹಿಡಿಸಿತ್ತು. ಟೆಂಪೋ ಮಾಡಿಸಿ ನಸುಕಿನಲ್ಲಿ ಹೊರಡಿಸುತ್ತಿದ್ದ. ಒಂದೊಂದು ಗುಡಿಯ ಮುಂದೆಯೂ ಎಂಜಿನ್ ಆರಿಸಲು ಬಿಡುತ್ತಿರಲಿಲ್ಲ. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುತ್ತ, ‘ಆತು, ಕಾಶಿ ಮುಗೀತು’ ಎನ್ನುತ್ತಿದ್ದ. ಈಗ ನಾನು ಇದೇ ಊರಿನಲ್ಲಿ ಪ್ರವಾಸ ಕಳಿಸುವ ಅಂಗಡಿ ಇಟ್ಟುಕೊಂಡಿದ್ದೇನೆ. ಬ್ಯಾಡಗಿಯ ಮೆಣಸಿನಕಾಯಿ ದಲಾಲರು, ಹಾವೇರಿಯ ಬಟ್ಟೆ ಅಂಗಡಿಯವರು ಬಂದು ಮೊದಲ ಮಾತಿಗೇ ದುಬೈ, ಬ್ಯಾಂಕಾಕ್ ಕೇಳುತ್ತಾರೆ. ಕಳಿಸುತ್ತೇನೆ, ಅದು ನನ್ನ ಹೊಟ್ಟೆಪಾಡು. ಆದರೆ ಚಹಾ ಬರುವುದರೊಳಗೆ ಒಂದು ಪ್ರಶ್ನೆ ಕೇಳದೆ ಬಿಡುವುದಿಲ್ಲ: ನೀವು ಮಾರಿದ ಮೆಣಸಿನಕಾಯಿಯನ್ನು ಯಾವ ಊರಿನಲ್ಲಿ ಯಾರು ಕುಟ್ಟುತ್ತಾರೆ, ನೋಡಿದ್ದೀರಾ? ನೋಡಿಲ್ಲವಾದರೆ ಮೊದಲು ಅಲ್ಲಿಗೆ ಹೋಗಿ ಬನ್ನಿ. ಸಮುದ್ರ ಎಲ್ಲಿಗೂ ಓಡಿಹೋಗುವುದಿಲ್ಲ. ಈ ಉಪದೇಶ ಕೊಡುವ ಹಕ್ಕು ನನಗೆ ಎಲ್ಲಿಂದ ಬಂತೆಂದು ಹೇಳುವುದಕ್ಕೆ ಅವ್ವನ ಕೆಲಸದಿಂದಲೇ ಶುರು ಮಾಡಬೇಕು.

ಅಪ್ಪ ಬೀಜ ಮಾರುವುದರ ಜೊತೆಗೆ ಒಂದು ಕಂಪನಿಗಾಗಿ ಬೀಜ ಮಾಡಿಸಿಯೂ ಕೊಡುತ್ತಿದ್ದ. ಹಲಗೇರಿಯ ದಾರಿಯಲ್ಲಿ ಲಾವಣಿಗೆ, ಅಂದರೆ ಗುತ್ತಿಗೆಗೆ, ಹಿಡಿದ ಹೊಲದಲ್ಲಿ ಟೊಮೆಟೊ ಹಾಕಿಸುತ್ತಿದ್ದ. ಅದರಲ್ಲಿ ಹೆಣ್ಣು ಗಿಡದ ಸಾಲುಗಳೇ ಬೇರೆ, ಗಂಡು ಗಿಡದ ಸಾಲುಗಳೇ ಬೇರೆ. ಮಧ್ಯಾಹ್ನದ ಮೇಲೆ ಹೆಂಗಸರು ಚಿಮಟ ಹಿಡಿದು, ನಾಳೆ ಅರಳುವ ಹೆಣ್ಣು ಗಿಡದ ಮೊಗ್ಗನ್ನು ಬಿಡಿಸಿ, ಒಳಗಿನ ಹಳದಿ ಕೇಸರವನ್ನು ಕಿತ್ತೆಸೆಯಬೇಕು; ಇಲ್ಲದಿದ್ದರೆ ಹೂವು ತನ್ನ ಪುಡಿಯಿಂದಲೇ ಕಾಯಿಗಟ್ಟುತ್ತದೆ. ಮರುದಿನ ಬೆಳಿಗ್ಗೆ ಅದೇ ಹೂವಿಗೆ ಗಂಡು ಗಿಡದ ಹೂವಿನ ಪುಡಿ ಮುಟ್ಟಿಸಬೇಕು. ಮುಟ್ಟಿಸಿದ್ದಕ್ಕೆ ಗುರುತಾಗಿ ಹೂವಿನ ಬುಡದ ಹಸಿರು ಎಸಳುಗಳಲ್ಲಿ ಎರಡನ್ನು ಚಿವುಟಬೇಕು. ಎಸಳು ಚಿವುಟಿದ ಕಾಯಿ ಬೀಜಕ್ಕೆ, ಉಳಿದವು ತಿಪ್ಪೆಗೆ. ಇದಕ್ಕೆ ಎಲ್ಲರೂ ಕ್ರಾಸಿಂಗ್ ಎಂದೇ ಅನ್ನುವುದು. ಮೂವತ್ತು ಹೆಂಗಸರ ಮುಂದಾಳು ನಮ್ಮವ್ವ. ಅವಳ ಬೆರಳು ಹೂವಿನ ಮೇಲೆ ಎಷ್ಟು ಹಗುರಾಗಿ ಓಡುತ್ತಿತ್ತೆಂದರೆ ಗಿಡ ಅಲುಗುತ್ತಿರಲಿಲ್ಲ. ಆದರೆ ಈ ಕೆಲಸದಲ್ಲಿ ಒಂದು ವಿಚಿತ್ರವಿದೆ. ಹೀಗೆ ಹುಟ್ಟಿಸಿದ ಬೀಜ ನಮ್ಮ ಹೊಲದಲ್ಲಿ ಬೆಳೆಯುವುದಿಲ್ಲ. ಹಣ್ಣನ್ನು ಹಿಸುಕಿ, ಬೀಜ ತೊಳೆದು ಒಣಗಿಸಿ ಕಂಪನಿಗೆ ಕೊಟ್ಟುಬಿಡಬೇಕು. ಅದು ಎಲ್ಲಿಯೋ ನಾಸಿಕದ ಕಡೆ ಗಿಡವಾಗುತ್ತದೆ. ಅವ್ವ ಹುಟ್ಟಿಸಿದ ಗಿಡವನ್ನು ಅವ್ವನೇ ಕಂಡಿರಲಿಲ್ಲ. ಬೀಜದ ಪಾಕೀಟಿನ ಮೇಲೆ ಅಚ್ಚಾದ ಕೆಂಪು ಹಣ್ಣಿನ ಚಿತ್ರವನ್ನು ಆಗಾಗ ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದಳು.

“ಖರೇನ ಇಷ್ಟ ದುಂಡಗ ಆಕ್ಕಾವೇನ, ಇಲ್ಲಾ ಚಿತ್ರಾ ಬರ್ಯಾವ ಕುಡದ ಬರದಾನೋ?” ಎಂದು ಕೇಳುತ್ತಿದ್ದಳು. “ಒಮ್ಮೆ ಕಣ್ಣೀಲೆ ನೋಡಬೇಕ್ ನೋಡು.”

ಅವಳಿಗೆ ಇದ್ದದ್ದು ಇದೊಂದೇ ಆಸೆ. ಕಾಶಿಯನ್ನೂ ಕೇಳಲಿಲ್ಲ, ಬಂಗಾರವನ್ನೂ ಕೇಳಲಿಲ್ಲ.

ಈಗ ನನ್ನ ತಪ್ಪನ್ನು ಹೇಳಿಬಿಡುತ್ತೇನೆ, ಮುಚ್ಚಿಟ್ಟುಕೊಂಡು ಕೊನೆಗೆ ಬಿಚ್ಚುವ ಆಟ ನನಗೆ ಬರುವುದಿಲ್ಲ. ಹನ್ನೊಂದನೆಯ ವಯಸ್ಸಿನಲ್ಲಿ ಸೂಟಿಯ ದಿನಗಳಲ್ಲಿ ನನಗೂ ಒಂದು ಚಿಮಟ ಸಿಕ್ಕಿತು. ನನ್ನ ಪಕ್ಕದ ಸಾಲು ರತ್ನವ್ವನದು. ರತ್ನವ್ವ ವಯಸ್ಸಾದವಳು, ಮೊಗ್ಗನ್ನು ಮೂಗಿನ ಹತ್ತಿರ ತಂದು ನೋಡುತ್ತಿದ್ದಳು. ನನಗೆ ಒಂದೇ ಕಡೆ ಬಗ್ಗಿ ನಿಲ್ಲುವುದೆಂದರೆ ಮೈಯೆಲ್ಲ ಇರುವೆ ಹರಿದ ಹಾಗೆ. ಸಂಜೆ ಲೆಕ್ಕಕ್ಕೆ ಬರುವ ಕಂಪನಿಯ ಮೇಸ್ತ್ರಿ ಎಣಿಸುವುದು ಚಿವುಟಿದ ಎಸಳುಗಳನ್ನು ಮಾತ್ರ ಎಂಬುದು ನನಗೆ ಎರಡೇ ದಿನಕ್ಕೆ ಹೊಳೆಯಿತು. ಕೇಸರ ಕೀಳದೆ, ಪುಡಿ ಮುಟ್ಟಿಸದೆ, ಬರೀ ಎಸಳು ಚಿವುಟುತ್ತ ಆರು ಸಾಲು ಮುಗಿಸಿದೆ. ಎಲ್ಲರಿಗಿಂತ ಮೊದಲು ಬದುವಿನ ಮೇಲೆ ಕೂತವಳು ನಾನೇ. ‘ಕೈ ಅಂದ್ರ ಇದು, ತಾಯಿ ಕೈ ಬಂದೈತಿ’ ಎಂದು ಅವ್ವ ಎಲ್ಲರೆದುರು ನನ್ನ ಬೆರಳು ಎತ್ತಿ ತೋರಿಸಿದಳು. ಕಾಯಿ ಕೆಂಪಾದವು, ಬೀಜ ಹೋಯಿತು, ನಾನು ಮರೆತೆ.

ಮರುವರ್ಷ ಕಂಪನಿ ಹೆಚ್ಚು ಬೀಜ ಮಾಡಿಸಿಕೊಟ್ಟವರನ್ನು ಸಿಂಗಪುರಕ್ಕೆ ಕರೆದುಕೊಂಡು ಹೋಗುವುದೆಂದು ಆಯಿತು. ಅಪ್ಪನಿಗೆ ಒಂದು ಸೀಟು. ಹಾವೇರಿಯಲ್ಲಿ ಅವನಿಗೆ ಏಲಕ್ಕಿ ಮಾಲೆ ಹಾಕಿ ಸನ್ಮಾನ ಮಾಡಿದರು. ಅಪ್ಪ ಆ ಮಾಲೆಯನ್ನು ಅಂಗಡಿಯಲ್ಲಿ ಎದುರಿಗೇ ಕಾಣುವಂತೆ ಮೊಳೆಗೆ ಹಾಕಿದ. ಆಯಿ ದಿನಕ್ಕೆ ಎರಡು ಏಲಕ್ಕಿ ಬಿಚ್ಚಿ ಚಹಾಕ್ಕೆ ಹಾಕಿ ವಾರದೊಳಗೆ ಅರ್ಧ ಮಾಲೆ ಮುಗಿಸಿದಳು. ಅಪ್ಪ ಫೋಟೋ ತೆಗೆಸಿದ, ಹೊಸ ಪ್ಯಾಂಟು ಹೊಲಿಸಿದ, ಅಂಗಡಿಗೆ ಬಂದವರಿಗೆಲ್ಲ ವಿಮಾನದಲ್ಲಿ ಊಟ ಹೇಗೆ ಕೊಡುತ್ತಾರೆಂದು ತಾನು ನೋಡಿಬಂದವನ ಹಾಗೆ ವರ್ಣಿಸಿದ. ಅವ್ವ ಮಾತ್ರ ಒಂದು ಕೋಣೆಯಿಂದ ಇನ್ನೊಂದಕ್ಕೆ ಸುಮ್ಮನೆ ಓಡಾಡಿದಳು. ಗುಡಿಸಿದ ಕಡೆಯೇ ಮತ್ತೆ ಗುಡಿಸಿದಳು. ಕೊನೆಗೊಂದು ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಹಂಚಿನ ಮೇಲಿದ್ದ ರೊಟ್ಟಿಯನ್ನು ಅಲ್ಲೇ ಬಿಟ್ಟು ಎದ್ದಳು.

“ಎಂಟ ದಿನದ ಮಾತ ಅದು. ಮಾರಿ ಯಾಕ ಹಂಗ ಮಾಡ್ತಿ?” ಎಂದ ಅಪ್ಪ.

“ಹೋಗ್ರಿ, ಯಾರ ಬ್ಯಾಡ ಅಂದ್ರು? ನಾ ಮಾಡಿದ ಬೀಜ ಎಲ್ಲೆಲ್ಲಿ ಹೋಗ್ಯಾವು, ನಾ ಎಲ್ಲಿ ಹೋಗೇನಿ, ಅದೊಂದ ಹೇಳ್ರಿ.”

“ವರ್ಷಾ ಕಾಶಿ ಪುಣ್ಯ ಮನೀ ಬಾಗ್ಲಕ್ಕ ತಂದ ಕೊಡ್ತೇನಲ್ಲ!”

ಆಯಿ ಚೀಲಗಳ ಸಂದಿಯಿಂದಲೇ ಬಾಯಿ ಹಾಕಿದಳು. “ಪುಣ್ಯದ ಮಾತ ಬಿಡಲೇ ತಮ್ಮಾ. ಹನುಮಪ್ಪನ ಮಾರಿ ನೋಡೂದ್ರಾಗ ಹಾರ್ನ್ ಹೊಡಸ್ತಿ. ಅವನೂ ಗಾಬರಿ ಆಗಿ ಪುಣ್ಯ ಅರ್ಧಾ ಕೊಟ್ಟಿರ್ತಾನ.”

ಅವ್ವ ನಗಲಿಲ್ಲ. “ನಾಸಿಕ ಇಲ್ಲೇ ಐತಿ, ಅದನ್ನ ತೋರ್ಸೂದಾಗ್ಲಿಲ್ಲ ನಿಮಗ. ನೀವು ಸಮುದ್ರ ದಾಟ್ರಿ. ನಾ ಈ ಸಲ ಕ್ರಾಸಿಂಗಿಗೆ ಇಳಿಯಾಂಗಿಲ್ಲ. ಹೊಲಕ್ಕ ನೀವ ಬೇಕಾದವ್ರನ್ನ ಕರಕೊಂಡ ಬರ್ರಿ.”

ರೊಟ್ಟಿ ಸುಟ್ಟು ಹೊಗೆ ಎದ್ದಿತು. ಅವ್ವ ಇಳಿಯದಿದ್ದರೆ ಮೂವತ್ತು ಹೆಂಗಸರೂ ಇಳಿಯುವುದಿಲ್ಲ ಎಂಬುದು ಅಪ್ಪನಿಗೆ ಗೊತ್ತಿತ್ತು. ಹೂವು ಬಿಡಲು ಇನ್ನು ಮೂರು ವಾರವಿತ್ತು.

ಎರಡು ದಿನ ಬಿಟ್ಟು ಕಂಪನಿಯ ಸಾಹೇಬರು ಊಟಕ್ಕೆ ಬಂದರು. ಹುಬ್ಬಳ್ಳಿಯವರು, ಬಾಯ್ತುಂಬ ಮಾತಾಡುವವರು. ಅವ್ವ ಎಣ್ಣೆಗಾಯಿ, ಬಿಸಿ ರೊಟ್ಟಿ, ಸಿಹಿಗೆ ಗೋಧಿಯ ಮಾದೇಲಿ ಮಾಡಿದ್ದಳು. ಸಿಟ್ಟನ್ನು ಅಡುಗೆಯ ಮೇಲೆ ತೀರಿಸಿಕೊಳ್ಳುವ ಹೆಂಗಸು ಅವಳಲ್ಲ. ಬಡಿಸುವ ಕೆಲಸ ನನ್ನದು. ನಾನು ಸಂತೆಯಲ್ಲಿ ಆಯಿಯ ಸೆರಗು ಹಿಡಿದು ಬೆಳೆದವಳು. ಚೌಕಾಸಿಯಲ್ಲಿ ಆಯಿಗೆ ಎರಡೇ ನಿಯಮ: ಒಂದು, ಬಿಟ್ಟುಕೊಡಲು ಏನಾದರೂ ಕೈಯಲ್ಲಿರುವಂತೆ ಬೇಕಾದದ್ದಕ್ಕಿಂತ ಹೆಚ್ಚು ಕೇಳು; ಎರಡು, ಎದುರಿನವನಿಗೆ ನಗು ಬರಿಸು, ನಕ್ಕವನಿಗೆ ಗಟ್ಟಿಯಾಗಿ ಇಲ್ಲ ಎನ್ನಲು ಬರುವುದಿಲ್ಲ. ಐವತ್ತು ದಾಟಿದ ಮೇಲೂ ಇದಕ್ಕೆ ಮೂರನೆಯದನ್ನು ಸೇರಿಸುವ ಅಗತ್ಯ ನನಗೆ ಕಂಡಿಲ್ಲ. ಸಾಹೇಬರ ತಾಟಿಗೆ ಎರಡನೆಯ ಸಲ ಮಾದೇಲಿ ಹಾಕಿ, ತುಪ್ಪದ ತಂಬಿಗೆ ಕೈಯಲ್ಲೇ ಹಿಡಿದು ನಿಂತೆ.

“ಸಾಹೇಬ್ರ, ಸಿಂಗಪುರಕ್ಕ ಅಪ್ಪ ಬ್ಯಾಡ ಅಂದ್ರ, ಅದರ ಬದ್ಲಿ ಏನ ಕೊಡ್ತೀರಿ?”

ಅಪ್ಪನ ಕೈ ಅರ್ಧದಲ್ಲೇ ನಿಂತಿತು. ಸಾಹೇಬರು, “ಬ್ಯಾಡ ಯಾಕ ಅಂತಾನವಾ ನಿಮ್ಮಪ್ಪ?” ಎಂದರು.

“ಅಂತಾನ ಅಂದಿಲ್ರಿ. ಅಂದ್ರ, ಅಂದೆ.”

“ಟಿವಿ ಕೊಡ್ತೀವಿ. ಬಣ್ಣದ್ದು.”

“ಟಿವಿ ಇಡಾಕ ಜಾಗಾ ಇಲ್ರಿ, ನೀವ ಚೀಲಾ ತುಂಬೀರಿ. ನಮ್ಮವ್ವನ ಬೀಜ ಬಿತ್ತಿದ ಹೊಲಾ ತೋರಸ್ರಿ. ಐದ ಮಂದೀಗೆ ಹೋಗಿ ಬರೂ ಖರ್ಚು.”

“ಮನ್ಯಾಗ ಇರೋರ ನಾಲ್ಕ ಮಂದಿ!”

“ಆಯಿ ಇಬ್ಬರದ ತಿಂತಾಳ್ರಿ.”

ಆಯಿ ಚೀಲದ ಹಿಂದಿನಿಂದ ಬೈದಳು, ಸಾಹೇಬರು ನಕ್ಕು ಕೆಮ್ಮಿದರು. ನಾನು ತುಪ್ಪ ಹಾಕಿದೆ. ನಾಲ್ಕಕ್ಕೆ ಇಳಿದೆ. ಅವರು ಇಬ್ಬರಿಗೆ ಎಂದರು. ಅಂಗಡಿ ನೋಡಿಕೊಳ್ಳಲು ಆಯಿ ಉಳಿಯುತ್ತಾಳೆ ಎಂದು ಆಯಿಯನ್ನೇ ಬಿಟ್ಟುಕೊಟ್ಟು ಮೂವರಿಗೆ ನಿಲ್ಲಿಸಿದೆ. ಆಗ ಸಾಹೇಬರು ಅಪ್ಪನ ಕಡೆ ತಿರುಗಿ, “ಏನಂತೀರಿ?” ಎಂದರು. ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು, ಕೈಯ ಹಿಟ್ಟು ಒರೆಸಿಕೊಳ್ಳುತ್ತ ಹೇಳಿದಳು:

“ಹೊಲಕ್ಕ ಇಳಿಯೂದು ಬಿಡೂದು ಇದರ ಮ್ಯಾಲ ಐತ್ರಿ ಸಾಹೇಬ್ರ.”

ಸಾಹೇಬರ ನಗು ಆರಿತು. ಆ ವರ್ಷ ಅವರಿಗೆ ಬೀಜ ಬೇಕಾಗಿತ್ತು. ಅಪ್ಪ ತಾಟನ್ನು ನನ್ನ ಕಡೆ ಸರಿಸಿ, “ಮಜ್ಜಿಗಿ ಹಾಕು” ಎಂದ. ಒಪ್ಪಿಗೆ ಎಂದರೆ ಅವನಿಂದ ಬಂದದ್ದು ಅಷ್ಟೇ. ಅವನಿಗೆ ವಿಮಾನ ಎಂದರೆ ಎಷ್ಟು ಆಸೆಯಿತ್ತೆಂದು ನನಗೆ ಆಗ ಗೊತ್ತಿರಲಿಲ್ಲ; ಗೊತ್ತಿದ್ದರೂ ಚೌಕಾಸಿ ನಿಲ್ಲಿಸುತ್ತಿದ್ದೆನೇ ಎಂದರೆ ಹೌದೆನ್ನಲು ಬಾಯಿ ಬರುವುದಿಲ್ಲ. ಆ ಅವಕಾಶ ಅವನಿಗೆ ಮತ್ತೆ ಬರಲಿಲ್ಲ. ಮೂರು ದಿನ ನನ್ನ ಮುಖ ನೋಡಿ ಮಾತಾಡಲಿಲ್ಲ. ಹೋಗುವಾಗ ಸಾಹೇಬರು ಚಪ್ಪಲಿ ಮೆಟ್ಟುತ್ತ ಅವ್ವನಿಗೆ ಅಂದರು: “ಯಾವುದರೇ ಹೊಲಾ ತೋರ್ಸೂದಿಲ್ಲವಾ. ಹೋದ ವರ್ಷ ನಿಮ್ಮ ಹೊಲದಾಗ ಆದ ಬೀಜಾನ ಎಲ್ಲಿ ಬಿತ್ತ್ಯಾರ ಅಂತ ನಂಬರ ನೋಡಿ, ಅದ ಹೊಲಕ್ಕ ಚೀಟಿ ಬರದ ಕೊಡ್ತೇನಿ.”

ಅವ್ವನ ಮುಖ ಅರಳಿತು. ನನಗೆ ಆಗ ಆರು ಸಾಲು ನೆನಪಾಯಿತು. ನಾನೇ ಚೌಕಾಸಿ ಮಾಡಿ ಗೆದ್ದ ಪ್ರವಾಸ ನನ್ನನ್ನೇ ಹಿಡಿದುಕೊಡಲು ಹೊರಟಿತ್ತು.

ಹೂವು ಬಿಡುವ ಮೊದಲೇ ಹೊರಟೆವು: ಹುಬ್ಬಳ್ಳಿಯವರೆಗೆ ಬಸ್ಸು, ಅಲ್ಲಿಂದ ಪುಣೆಗೆ ರೈಲು, ಮುಂದೆ ನಾಸಿಕದ ಕಡೆಗೆ ಮತ್ತೆ ಬಸ್ಸು. ಅವ್ವ ಕಿಟಕಿ ಬಿಡಲಿಲ್ಲ. ಗುಡಿ, ಕೋಟೆ, ಸೇತುವೆ ಬಂದರೆ ಸುಮ್ಮನಿರುವಳು. ಹೊಲ ಬಂದರೆ ಎದ್ದು ನಿಲ್ಲುವಳು. ಇದು ಕಬ್ಬು, ಇದು ದ್ರಾಕ್ಷಿ, ಇವರು ನೀರು ಹೀಗೆ ಬಿಡುತ್ತಾರೆ ನೋಡು, ಎಂದು ನನ್ನ ತೋಳು ಜಗ್ಗುವಳು. ಡಬ್ಬಿಯಲ್ಲಿದ್ದ ಮರಾಠಿ ಹೆಂಗಸರ ಜೊತೆ ಭಾಷೆಯಿಲ್ಲದೆಯೇ ರೊಟ್ಟಿ, ಚಟ್ನಿಪುಡಿ ಅದಲು ಬದಲು ಮಾಡಿಕೊಂಡಳು. ಅಪ್ಪ ಬಾಗಿಲಲ್ಲಿ ನಿಂತು ಗಾಳಿ ತೆಗೆದುಕೊಳ್ಳುತ್ತಿದ್ದ. ನಾನು ಇವರಿಬ್ಬರ ನಡುವೆ ಓಡಾಡಿದೆ. ‘ಈ ಕೂಸಿಗೆ ಗಾಲಿ ಅದಾವೇನ?’ ಎಂದು ಯಾರೋ ಮುದುಕಪ್ಪ ಬೈದ. ರೈಲು ಕೆಟ್ಟು ನಿಲ್ಲಲಿ, ಚೀಟಿ ಕಳೆದುಹೋಗಲಿ, ಹೊಲದ ಒಡೆಯ ಬೆಳೆ ಕಿತ್ತು ಬೇರೆ ಹಾಕಿರಲಿ ಎಂದು ನಾನು ಮೂರೂ ಹನುಮಪ್ಪನಿಗೆ ಬೇಡಿಕೊಂಡೆ. ಒಬ್ಬನೂ ಕೇಳಲಿಲ್ಲ.

ಹೊಲ ರಸ್ತೆಯಿಂದ ಇಳಿದ ಕೂಡಲೇ ಇತ್ತು. ಸಾಹೇಬರ ಚೀಟಿ ಓದಿ ಒಡೆಯನ ಹೆಂಡತಿಯೇ ನಮ್ಮನ್ನು ಒಳಗೆ ಕರೆದುಕೊಂಡಳು. ಅವ್ವನ ವಯಸ್ಸಿನವಳೇ, ಕಚ್ಚೆ ಸೀರೆ, ಬಿರುಸು ನಡಿಗೆ. ಗಂಡ ಹಣ್ಣು ಮಾರಲು ಪೇಟೆಗೆ ಹೋಗಿದ್ದ. ಅಪ್ಪನಿಗೆ ವ್ಯಾಪಾರದ ಮರಾಠಿ ಬರುತ್ತಿತ್ತು, ನಮಗಿಬ್ಬರಿಗೂ ಬರುತ್ತಿರಲಿಲ್ಲ. ಕೋಲು ನಿಲ್ಲಿಸಿ, ತಂತಿ ಎಳೆದು, ಗಿಡಗಳನ್ನು ಎತ್ತರಕ್ಕೆ ಹಬ್ಬಿಸಿದ್ದರು. ಅಪ್ಪನಿಗಿಂತ ಎತ್ತರದ ಗಿಡಗಳು. ಗೊಂಚಲು ಗೊಂಚಲು ಹಣ್ಣು. ಅವ್ವ ಮೊದಲ ಸಾಲಿನ ಮುಂದೆ ನಿಂತು ಒಂದು ಹಣ್ಣಿನ ಕೆಳಗೆ ಅಂಗೈ ಹಿಡಿದು, ಕೀಳದೆ, ಭಾರ ನೋಡಿದಳು.

“ಇಷ್ಟ ಎತ್ತರ ಆಕ್ಕಾವಂತ ನನಗ ಗೊತ್ತಿರ್ಲಿಲ್ಲ” ಎಂದಳು. “ನಮ್ಮ ಹೊಲದಾಗ ನನ್ನ ಮೊಣಕಾಲಿಗೆ ಬರ್ತಾವ. ಇವು ನನ್ನೂ ದಾಟ್ಯಾವು.”

ಸಾಲಿನೊಳಗೆ ನಡೆದಳು. ನಾವು ಹಿಂದೆ. ಹತ್ತು ಹೆಜ್ಜೆಗೆ ನಿಂತಳು. ಎತ್ತರದ ಗಿಡಗಳ ನಡುವೆ ಒಂದು ಕುಳ್ಳ ಗಿಡ, ಅದಕ್ಕೆ ಪಟ್ಟಿ ಬಿದ್ದ ಚಪ್ಪಟೆ ಕಾಯಿ. ಮುಂದೆ ಇನ್ನೊಂದು. ಬೇರೆ ಯಾರಿಗಾದರೂ ಅದು ಸೊರಗಿದ ಗಿಡ ಎನಿಸುತ್ತಿತ್ತು. ಅವ್ವ ಆ ಎಲೆಯನ್ನು ವರ್ಷ ವರ್ಷ ಮುಟ್ಟಿದವಳು. ಅದು ನಮ್ಮ ಹೊಲದ ಹೆಣ್ಣು ಗಿಡವೇ, ಗಂಡಿನ ಪುಡಿ ಸೋಕದೆ ತನ್ನಷ್ಟಕ್ಕೆ ತಾನೇ ಮತ್ತೆ ಹುಟ್ಟಿ ಬಂದಿತ್ತು. ಅಪ್ಪ ಒಡತಿಯನ್ನು ಕೇಳಿ ತಿಳಿಸಿದ: ಸಾಲಿಗೆ ಎರಡು ಮೂರು ಹೀಗೆ ಇವೆಯಂತೆ. ಈ ಕಾಯಿ ಪೆಟ್ಟಿಗೆಯಲ್ಲಿ ಸೇರಿದರೆ ಪೇಟೆಯಲ್ಲಿ ಇಡೀ ಪೆಟ್ಟಿಗೆಯ ದರ ಇಳಿಸುತ್ತಾರಂತೆ. ಅದಕ್ಕೇ ಪ್ರತಿ ಕೊಯ್ಲಿಗೂ ಒಂದೊಂದೇ ಹಣ್ಣು ನೋಡಿ ಆರಿಸಬೇಕಂತೆ. ನಮ್ಮ ನಸೀಬು ಎನ್ನುತ್ತಾಳೆ.

“ನಸೀಬ ಅಲ್ಲ” ಎಂದಳು ಅವ್ವ. ಅವಳ ಕುತ್ತಿಗೆಯ ನರ ಉಬ್ಬಿತ್ತು. “ಇದು ರತ್ನವ್ವನ ಕೈ. ಆಕೀಗೆ ಕಣ್ಣ ಕಾಣಾಂಗಿಲ್ಲ, ನಾ ಕರುಣಾ ಪಟ್ಟು ಇಟಗೊಂಡಿದ್ದೆ. ಸಾಕು. ಈ ಸಲ ಆಕೀನ್ನ ಕರಿಯಾಂಗಿಲ್ಲ.”

ಆ ಹೊತ್ತಿನಲ್ಲಿ ಓಡಿಹೋಗಲು ನನಗೆ ಜಾಗ ಇರಲಿಲ್ಲ. ಎರಡೂ ಕಡೆ ತಂತಿ, ಮುಂದೆ ಅವ್ವ, ಹಿಂದೆ ಅಪ್ಪ. ರತ್ನವ್ವನ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ ಎಂದು ನನಗೆ ಗೊತ್ತಿತ್ತು.

“ಯವ್ವಾ, ರತ್ನವ್ವ ಅಲ್ಲ. ನಾನು. ಕೇಸರ ಕೀಳಲಿಲ್ಲ, ಬರೇ ಎಸಳ ಚಿವುಟಿದೆ. ಆರ ಸಾಲು.”

ಹೊಡೆಯುತ್ತಾಳೆ ಎಂದುಕೊಂಡು ಕಣ್ಣು ಮುಚ್ಚಿದೆ. ಹೊಡೆತ ಬೀಳಲಿಲ್ಲ. ಕಣ್ಣು ಬಿಟ್ಟಾಗ ಅವ್ವ ನನ್ನ ಬೆರಳುಗಳನ್ನು ನೋಡುತ್ತಿದ್ದಳು. ಒಡತಿಗೆ ಏನೋ ನಡೆದಿದೆ ಎಂದು ಗೊತ್ತಾಯಿತು. ನಗುತ್ತಲೇ ಅಪ್ಪನನ್ನು ಕೇಳಿದಳು. ಕೂಸು ಏನಂದಿತು ಎಂದು ಕೇಳುತ್ತಿದ್ದಾಳೆಂದು ತಿಳಿಯಲು ಮರಾಠಿ ಬೇಕಿರಲಿಲ್ಲ.

ಅಪ್ಪ ನಮ್ಮ ಕಡೆ ತಿರುಗಿ ಸಣ್ಣ ದನಿಯಲ್ಲಿ, “ಹಸಿವಿ ಆಗೇದಂತ ಅಂತ ಹೇಳ್ತೇನಿ. ಖರೇ ಹೇಳಿದ್ರ ಕಂಪನೀಗೆ ಮುಟ್ಟತೈತಿ. ಮುಂದ ಬೀಜದ ಕೆಲಸಾನ ಕೊಡಾಂಗಿಲ್ಲ ನಮಗ. ಮೂವತ್ತ ಮಂದಿ ಕೂಲಿ ಹೊಕ್ಕೈತಿ” ಎಂದ.

ಅವನು ಹೇಳಿದ್ದು ತಪ್ಪಲ್ಲ. ವ್ಯಾಪಾರ ಮಾಡುವವಳಾಗಿ ಇವತ್ತಿಗೂ ನಾನು ಆ ಮಾತನ್ನು ತಳ್ಳಿಹಾಕಲಾರೆ.

“ಆಕಿ ಪ್ರತಿ ಕೊಯ್ಲಿಗೂ ತನ್ನ ನಸೀಬ ಬೈಕೊಂತ ಹಣ್ಣ ಆರಸಾಕತ್ತಾಳು” ಎಂದಳು ಅವ್ವ. “ನನಗ ಮರಾಠಿ ಬರಾಂಗಿಲ್ಲ. ನಿಮ್ಮ ಬಾಯೀನ ನನ್ನ ಬಾಯಿ ಈಗ. ಹೇಳ್ರಿ.”

ಅಪ್ಪ ಒಂದು ಸಲ ರಸ್ತೆಯ ಕಡೆ ನೋಡಿದ. ಆಮೇಲೆ ಹೇಳತೊಡಗಿದ. ಅವ್ವ ಅವನ ಮಾತು ಕೇಳುತ್ತಿರಲಿಲ್ಲ, ಆ ಹೆಂಗಸಿನ ಮುಖವನ್ನೇ ಓದುತ್ತಿದ್ದಳು. ಆ ಮುಖದ ನಗು ಸ್ವಲ್ಪ ಸ್ವಲ್ಪವೇ ಇಳಿದು ಪೂರ್ತಿ ಹೋಯಿತು. ಅಪ್ಪ ಖರೇ ಹೇಳಿದ್ದಾನೆಂದು ಅವ್ವನಿಗೆ ಆಗ ತಿಳಿಯಿತು.

ಒಡತಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಒಂದು ಬುಟ್ಟಿ ತಂದು ನನ್ನ ಕಾಲ ಬಳಿ ಇಟ್ಟು, ಹೊಲದ ಈ ತುದಿಯಿಂದ ಆ ತುದಿಗೆ ಕೈ ತೋರಿಸಿದಳು. ಹೊತ್ತು ಇಳಿಯುವವರೆಗೆ ನಾನು ಚಪ್ಪಟೆ ಕಾಯಿ ಹುಡುಕಿ ಹುಡುಕಿ ಬಿಡಿಸಿದೆ. ಸೊಂಟ ಬಿದ್ದುಹೋಯಿತು. ಪಕ್ಕದ ಸಾಲಿನಲ್ಲಿ ಅವ್ವ, ಅದರಾಚೆ ಆ ಹೆಂಗಸು. ಕೊನೆಗೆ ಅವಳು ಆ ಬುಟ್ಟಿಯಿಂದಲೇ ಎರಡು ಹಿಡಿ ಕಾಯಿ ತೆಗೆದು ಸುಟ್ಟು, ಹಸಿಮೆಣಸಿನಕಾಯಿ ಹಾಕಿ ಚಟ್ನಿ ಅರೆದು, ಸಜ್ಜೆ ರೊಟ್ಟಿಯ ಜೊತೆ ನಮ್ಮೆದುರು ಇಟ್ಟಳು. ಆ ದಿನ ಅವ್ವ ಕಾಲು ಮಡಚಿ ನೆಲದ ಮೇಲೆ ಕೂತು ಎರಡು ರೊಟ್ಟಿ ಉಂಡಳು. ಹೊರಡುವಾಗ ಇಬ್ಬರೂ ಒಬ್ಬರ ಹಣೆಗೊಬ್ಬರು ಕುಂಕುಮ ಹಚ್ಚಿಕೊಂಡರು.

ಬಸ್ಸಿಗಾಗಿ ರಸ್ತೆಯ ಮೇಲೆ ನಿಂತೆವು. ಅಪ್ಪ, ಊರಿಗೆ ಹೋದ ಕೂಡಲೇ ಸಾಹೇಬರಿಗೆ ಇದನ್ನೆಲ್ಲ ತಾನೇ ಹೇಳುವುದು ಒಳ್ಳೆಯದು, ಬೇರೆಯವರಿಂದ ಗೊತ್ತಾಗುವುದಕ್ಕಿಂತ ಅದು ವಾಸಿ ಎಂದು ತನಗೆ ತಾನೇ ಲೆಕ್ಕ ಹಾಕುತ್ತ ಅತ್ತಿತ್ತ ತಿರುಗುತ್ತಿದ್ದ. ಅವ್ವ ಸೆರಗಿನ ಧೂಳು ಕೊಡವಿದಳು.

“ಈ ಸಲದ ಬೀಜ ಯಾವ ಕಡೆ ಹೊಕ್ಕಾವಂತ?”

“ಕಂಪನ್ಯಾರು ಕೆಲಸಾ ಕೊಟ್ರ ಮಾತು” ಎಂದ ಅಪ್ಪ. “ಕೊಟ್ರ, ಗುಂಟೂರ ಕಡೆ ಅಂತಿದ್ರು. ಯಾಕ?”

“ಹಂಗಾರ ಈಗಿಂದನ ತೆಲುಗು ಕಲೀರಿ” ಎಂದಳು ಅವ್ವ.